ಮಾವನವರು ಕಿಟಕಿಗೆ ಕೂತ ದಿನ

ಕಾರು ನಿಲ್ಲಿಸಿದ ಮೇಲೆ ನಾನು ಹ್ಯಾಂಡ್ ಬ್ರೇಕನ್ನು, ಬಾವಿಯಿಂದ ತುಂಬಿದ ಕೊಡ ಎಳೆಯುವವನಂತೆ, ಎರಡೂ ಕೈ ಹಾಕಿ ಎಳೆಯುತ್ತೇನೆ. ಅದು ಸಾಲದೆಂದು ಗಾಡಿಯನ್ನು ಗೇರಿನಲ್ಲೇ ಬಿಡುತ್ತೇನೆ. ಅದೂ ಸಾಲದೆಂದು ಮುಂದಿನ ಚಕ್ರಗಳನ್ನು ಫುಟ್‌ಪಾತಿನ ಅಂಚಿಗೆ ತಿರುಗಿಸಿ ಒತ್ತಿ ನಿಲ್ಲಿಸುತ್ತೇನೆ. ಇಷ್ಟೆಲ್ಲ ವಿಧಿವಿಧಾನ ನಡೆಯುವುದು ನೆದರ್ಲೆಂಡ್ಸಿನ ಬಾಡ್‌ಹೂವೆಡಾರ್ಪ್‌ನಲ್ಲಿ. ಈ ಊರು ಒಂದು ಕಾಲಕ್ಕೆ ದೊಡ್ಡ ಕೆರೆಯ ತಳವಾಗಿತ್ತು, ಈಗಲೂ ಸಮುದ್ರಮಟ್ಟಕ್ಕಿಂತ ಕೆಳಗೇ ಇದೆ. ಇಲ್ಲಿ ರಸ್ತೆಯ ಮೇಲೆ ಒಂದು ಗೋಲಿ ಇಟ್ಟರೆ, ಯಾವ ಕಡೆ ಉರುಳಬೇಕೆಂದು ತಿಳಿಯದೆ ಅದು ಸಂಜೆಯವರೆಗೂ ಅಲ್ಲೇ ಕೂತಿರುತ್ತದೆ.

ಪಕ್ಕದ ಮನೆಯ ಹೆಂಕ್ ನಿವೃತ್ತ ಮನುಷ್ಯ. ಜಗತ್ತಿನಲ್ಲಿ ಏನೇನು ತಪ್ಪು ನಡೆಯುತ್ತಿದೆ ಎಂದು ಗುಲಾಬಿ ಗಿಡ ಕತ್ತರಿಸುತ್ತಾ ನೋಡುತ್ತಿರುವುದು ಅವನ ಈಗಿನ ಉದ್ಯೋಗ. ಮೊನ್ನೆ ಕತ್ತರಿ ಕೆಳಗಿಟ್ಟು, ತುಂಬಾ ಗಂಭೀರವಾಗಿ ಕೇಳಿದ: “ನೆರೆಯವರೇ, ಇವತ್ತು ಇಲ್ಲಿಗೆ ಬೆಟ್ಟ ಬರೋದಿದೆಯಾ? ಮೊದಲೇ ಹೇಳಿದ್ರೆ ನಾನೂ ನನ್ನ ಕಾರು ಭದ್ರ ಮಾಡ್ಕೋತೀನಿ.”

ನಕ್ಕು ಒಳಗೆ ಬಂದೆ. ಅವನಿಗೆ ಹೇಳಲು ಹೊರಟರೆ ಒಂದು ಮಧ್ಯಾಹ್ನ ಬೇಕು. ನಿಮಗಾದರೆ ಹೇಳಬಹುದು, ನೀವು ಹೇಗೂ ಕೂತಿದ್ದೀರಿ.

ನಾನು ಕಾರು ಕಲಿತದ್ದು ನಲವತ್ನಾಲ್ಕನೆಯ ವಯಸ್ಸಿನಲ್ಲಿ, ಇದೇ ದೇಶದಲ್ಲಿ. ಪರೀಕ್ಷೆಯಲ್ಲಿ ಪಾಸಾದದ್ದು ನಾಲ್ಕನೆಯ ಸಲ. ಮೊದಲ ಮೂರು ಸಲ ಫೇಲಾದದ್ದು ಯಾವ ದೊಡ್ಡ ತಪ್ಪಿಗೂ ಅಲ್ಲ, ಸೈಕಲ್ಲಿನವರಿಗೆ ತೋರಿಸಬೇಕಾದ ಭಯಭಕ್ತಿ ನನ್ನಲ್ಲಿ ಕಡಿಮೆ ಕಂಡಿತಂತೆ. ಏರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಹೊರಡಿಸುವುದೂ ಇಲ್ಲಿನ ಪರೀಕ್ಷೆಯ ಒಂದು ಅಂಗ. ಏರೇ ಇಲ್ಲದ ನಾಡಿನಲ್ಲಿ ಅದನ್ನು ಹೇಗೆ ಕಲಿಸುತ್ತಾರೆಂದರೆ, ನನ್ನ ಗುರುಗಳಾಗಿದ್ದ ಮಹಿಳೆ ನನ್ನನ್ನು ಹೆದ್ದಾರಿಯ ಮೇಲಿನ ಒಂದು ಸೇತುವೆಗೆ ಕರೆದುಕೊಂಡು ಹೋದರು. ಸೇತುವೆ ಏರಲು ಶುರುವಾಗುವ ಜಾಗದಲ್ಲಿ ಕಾರು ನಿಲ್ಲಿಸಲು ಹೇಳಿ, “ಇದು ನಮ್ಮ ಬೆಟ್ಟ” ಎಂದರು. ನಾನು ಆ ಬೆಟ್ಟವನ್ನು ಹತ್ತಿದೆ. ಎಂಟು ಸೆಕೆಂಡು ಹಿಡಿಯಿತು. ಪರ್ವತ ಜಯಿಸಿದ ನನ್ನ ಅನುಭವ ಅಷ್ಟೇ.

ಇಂಥ ನನಗೆ ದೊರೆತ ಮಾವನವರು ಘಾಟಿ ಡ್ರೈವರು.

ರುದ್ರಪ್ಪನವರು ಕಡೂರಿನವರು. ಸರ್ಕಾರಿ ಕೆಂಪು ಬಸ್ಸನ್ನು ಮೂವತ್ತೊಂದು ವರ್ಷ ಚಾರ್ಮಾಡಿ ಘಾಟಿಯಲ್ಲಿ ಇಳಿಸಿ ಹತ್ತಿಸಿದವರು. ನನ್ನ ಬಾಲ್ಯದಲ್ಲಿ ಇಂಥವರು ದೇವರಿಗಿಂತ ಒಂದು ಮೆಟ್ಟಿಲು ಮಾತ್ರ ಕೆಳಗಿದ್ದರು. ಸ್ಕೂಲಿನಿಂದ ಧರ್ಮಸ್ಥಳಕ್ಕೆ ಟೂರು ಹೋದಾಗ ನಾನು ಡ್ರೈವರನ ಹಿಂದಿನ ಸೀಟಿಗಾಗಿ ಹೊಡೆದಾಡಿ ಕೂತಿದ್ದೆ. ಹೆಗಲ ಮೇಲೆ ಟವೆಲ್ಲು, ಕನ್ನಡಿಯ ಪಕ್ಕ ಊದುಬತ್ತಿ, ಗೇರ್ ಕೋಲಿನ ತುದಿಯ ಗಾಜಿನ ಗುಂಡಿನೊಳಗೆ ಒಂದು ಕೆಂಪು ಹೂವು. ಆ ಹೂವು ಅದರೊಳಗೆ ಹೇಗೆ ಹೋಯಿತು ಎಂದು ಯೋಚಿಸುತ್ತಾ ನಾನು ಆರು ತಿರುವು ಕಳೆದೆ. ಏಳನೆಯ ತಿರುವಿನಲ್ಲಿ ಅಮ್ಮ ಕೊಟ್ಟ ನಿಂಬೆಹಣ್ಣು ಮೂಸಿಯೂ ಪ್ರಯೋಜನವಾಗದೆ ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಆ ಬಸ್ಸು ಓಡಿಸಿದವರು ಇವರೇ ಇರಬಹುದೆಂದು ಮದುವೆಯಾದ ಮೇಲೆ ಎಷ್ಟೋ ಸಲ ಅನಿಸಿದೆ. ಬಸ್ಸಿನ ಪಕ್ಕವನ್ನು ಯಾರು ತೊಳೆದರು ಎಂಬ ಪ್ರಶ್ನೆ ಏಳಬಹುದೆಂದು ವಿಷಯ ಎತ್ತಿಲ್ಲ.

ಎತ್ತುವುದು ಕಷ್ಟವೂ ಹೌದು. ಮಾವನವರು ಅಳಿಯನ ಹತ್ತಿರ ನೇರವಾಗಿ ಮಾತಾಡುವವರಲ್ಲ. ಅದು ಕೋಪವಲ್ಲ, ಮರ್ಯಾದೆ. ಅಳಿಯನಿಗೆ ಹೇಳಬೇಕಾದ್ದನ್ನು ಅವರು ಮಗಳಿಗೆ ಹೇಳುತ್ತಾರೆ. ಅಳಿಯ ಎರಡಡಿ ದೂರದಲ್ಲಿ ಬಾಯಿ ಆಡಿಸುತ್ತಾ ಕೂತಿದ್ದರೂ, “ವಿಜಿ, ಅಳಿಯಂದ್ರಿಗೆ ಇನ್ನೊಂದು ಚಪಾತಿ ಬೇಕೇನೋ ಕೇಳು” ಎನ್ನುತ್ತಾರೆ. ನಾನೂ, “ಸಾಕಂತೆ ಅಂತ ಹೇಳು ವಿಜಿ” ಎಂದು ನನ್ನ ಹೊಟ್ಟೆಯ ಸುದ್ದಿಯನ್ನು ಮೂರನೆಯವರದ್ದೆಂಬಂತೆ ಹೇಳುತ್ತೇನೆ. ಹತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ನನ್ನ ಹೆಂಡತಿ ವಿಜಯಾ ಈ ಅಂಚೆ ಇಲಾಖೆಯನ್ನು ಒಂದು ದಿನವೂ ರಜೆ ಇಲ್ಲದೆ ನಡೆಸಿದ್ದಾಳೆ.

ಹೋದ ವರ್ಷ ಅವರು ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. ಒಂದು ಭಾನುವಾರ ಊಟದ ಹೊತ್ತಿಗೆ ವಿಜಯಾ ಸುಮ್ಮನೆ ಕೇಳಿದಳು: “ಅಪ್ಪಾ, ಚಾರ್ಮಾಡಿಲಿ ಮಳೆಗಾಲಕ್ಕೆ ಅಷ್ಟೊಂದು ಫಾಲ್ಸ್ ಬೀಳುತ್ತಲ್ಲ, ನಿಮಗೆ ಯಾವುದು ಇಷ್ಟ?”

ಮಾವನವರು ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. “ಯಾವುದನ್ನೂ ನೋಡಿಲ್ಲ ತಾಯಿ. ಜನ ಎಲ್ಲ ಒಂದು ಕಡೆ ಕಿಟಕಿಗೆ ಬಂದು ‘ಅಯ್ಯೋ ನೋಡ್ರೋ, ನೋಡ್ರೋ’ ಅಂತ ಕೂಗೋರು. ನಾನು ನೋಡಿದ್ದಿದ್ರೆ ಅವರು ನೋಡೋಕೆ ಇರ್ತಿರಲಿಲ್ಲ.”

“ರಿಟೈರ್ ಆದ್ಮೇಲೆ ಒಂದ್ಸಲ ಹೋಗಬಹುದಿತ್ತು.”

“ಹೋದೆ. ಟಿಕೆಟ್ ತಗೊಂಡು, ಕಿಟಕಿ ಪಕ್ಕ ಕೂತೆ. ಓಡಿಸ್ತಿದ್ದೋನ ಕೈ ಸರಿ ಇರಲಿಲ್ಲ. ಕೆಳಗೆ ಇಳಿಯೋವರೆಗೂ ರಸ್ತೆನೇ ನೋಡ್ಕೊಂಡು ಬಂದೆ.”

ಇಲ್ಲಿ ಅವರ ಕಣ್ಣಿನ ಸ್ಥಿತಿಯನ್ನು ನಿಮಗೆ ಹೇಳಬೇಕು. ಎಡಗಣ್ಣು ಎರಡು ವರ್ಷದ ಹಿಂದೆಯೇ ರಾಜೀನಾಮೆ ಕೊಟ್ಟಿತ್ತು. ಬಲಗಣ್ಣು ನೋಟಿಸ್ ಅವಧಿಯಲ್ಲಿತ್ತು. ಅದು ಎಷ್ಟು ದಿನದ ನೋಟಿಸ್ ಎಂದು ಡಾಕ್ಟರು ಹೇಳಿರಲಿಲ್ಲ. ಮಾವನವರು ಅನ್ನ ಕಲೆಸುತ್ತಾ, ತಮಗೆ ತಾವೇ ಎಂಬಂತೆ, “ಒಂದು ದಿನ. ಬೆಟ್ಟದ ರಸ್ತೇಲಿ ಕಿಟಕಿ ಪಕ್ಕ ಕೂತು, ಹೊರಗೆ ನೋಡ್ಕೊಂಡು ಹೋಗಬೇಕು. ಅಷ್ಟೇ” ಎಂದರು. ಆಮೇಲೆ ಮಜ್ಜಿಗೆ ಕೇಳಿದರು.

ಈ ಮಾತಿಗೆ ಹೆಂಡತಿಯ ಕಣ್ಣು ತುಂಬಿತು. ನನ್ನ ತಲೆಗೆ ಶೌರ್ಯ ಏರಿತು. ಆ ರಾತ್ರಿಯೇ ನಾನೊಂದು ಸತ್ಯ ಕಂಡುಹಿಡಿದೆ. ನೆದರ್ಲೆಂಡ್ಸಿಗೂ ಒಂದು ಬೆಟ್ಟವಿದೆ. ಮನೆಯೊಳಗೆ ಜಾಗವಿಲ್ಲದವರು ಬೀರುವನ್ನು ನೆಂಟರ ಮನೆಯಲ್ಲಿ ಇಡುವ ಹಾಗೆ, ಈ ದೇಶ ತನ್ನ ಅತಿ ಎತ್ತರದ ಬೆಟ್ಟವನ್ನು ಕೆರಿಬಿಯನ್ ಕಡಲಿನಲ್ಲಿ ಇಟ್ಟಿದೆ. ಸಾಬಾ ಎಂಬ ದ್ವೀಪ. ದ್ವೀಪವೇ ಒಂದು ಮಲಗಿದ ಅಗ್ನಿಪರ್ವತ. ನೀರಿನಿಂದ ನೆಟ್ಟಗೆ ಎದ್ದು ಮೋಡದೊಳಗೆ ತಲೆ ಇಟ್ಟಿದೆ, ಅದರ ಮೈಗೆ ಒಂದೇ ಒಂದು ರಸ್ತೆ ಸುತ್ತಿಕೊಂಡಿದೆ.

“ಅಲ್ಲಿ ಟ್ಯಾಕ್ಸಿ ಸಿಗುತ್ತೆ ಕಣ್ರೀ” ಎಂದಳು ವಿಜಯಾ.

“ಅಳಿಯ ಇರುವಾಗ ಟ್ಯಾಕ್ಸಿ ಯಾಕೆ?” ಎಂದೆ.

ಮಾವನವರು ಟವೆಲ್ಲನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡರು.

ಎರಡು ವಿಮಾನ ಹತ್ತಿ, ಒಂದು ಬೆಳಿಗ್ಗೆ ಅಲ್ಲಿ ಇಳಿದೆವು. ಬೆಟ್ಟ ಯಾವುದೋ ಕಾಲದಲ್ಲಿ ಸಮುದ್ರಕ್ಕೆ ಚಾಚಿ, ಒಳಗೆ ಎಳೆದುಕೊಳ್ಳಲು ಮರೆತ ನಾಲಿಗೆಯ ಮೇಲೆ ಅಲ್ಲಿನ ವಿಮಾನ ನಿಲ್ದಾಣ. ಗಾಳಿ ಬೆಚ್ಚಗಿತ್ತು, ಉಪ್ಪುಪ್ಪಾಗಿತ್ತು. ಎಲ್ಲಿಂದಲೋ ಹುಂಜ ಕೂಗಿತು. ತಲೆಯ ಮೇಲೆ ಬೆಟ್ಟ, ಬೆಟ್ಟದ ತಲೆಯ ಮೇಲೆ ಮೋಡ. ಆ ಮೋಡ ಬೇರೆಲ್ಲೂ ಹೋಗುವ ಅವಸರವಿಲ್ಲದೆ, ಜಗಲಿಯ ಮೇಲೆ ಕಾಲು ಚಾಚಿದ ಅಜ್ಜಿಯಂತೆ ಕೂತಿತ್ತು.

ಬಾಡಿಗೆ ಕಾರಿನ ಯಜಮಾನಿ ಅಗಲ ಟೋಪಿಯ ಒಬ್ಬ ಮುದುಕಿ. ಕೀಲಿ ಕೊಡುತ್ತಾ, “ಇಲ್ಲಿ ಒಂದೇ ರಸ್ತೆ, ದಾರಿ ತಪ್ಪೋಕೆ ಸಾಧ್ಯವೇ ಇಲ್ಲ. ಬಿದ್ದರೆ ಮಾತ್ರ ಬೇರೆ ದಾರಿ” ಎಂದಳು. ಈ ರಸ್ತೆ ಸಾಧ್ಯವಿಲ್ಲವೆಂದು ದೊಡ್ಡ ದೊಡ್ಡ ಎಂಜಿನಿಯರುಗಳು ಕೈ ಬಿಟ್ಟಿದ್ದರಂತೆ. ಊರಿನವನೇ ಒಬ್ಬ ಅಂಚೆಯಲ್ಲಿ ಪಾಠ ತರಿಸಿ ಓದಿ, ಊರವರನ್ನು ಕಟ್ಟಿಕೊಂಡು ಕೈಯಲ್ಲೇ ಹಾಕಿದನಂತೆ. ವಿಜಯಾ ಇದನ್ನು ಕನ್ನಡಕ್ಕೆ ತಂದಾಗ ಮಾವನವರು ಬಗ್ಗಿ ರಸ್ತೆಯನ್ನು ಅಂಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾಲ್ಕೂ ಟೈರನ್ನು ಹೆಬ್ಬೆರಳಿಂದ ಒತ್ತಿ ನೋಡಿದರು. ಆಮೇಲೆ ಹಿಂದಿನ ಸೀಟಿನಲ್ಲಿ, ಬಲಗಣ್ಣಿಗೆ ಬಲಗಡೆ ಕಿಟಕಿ ಸಿಗುವಂತೆ, ಮದುವೆಗೆ ಬಂದವರ ಹಾಗೆ ನೆಟ್ಟಗೆ ಕೂತರು.

ಹೊರಟೆವು. ಮೊದಲು ಸಿಗುವ ಊರಿನ ಹೆಸರು ನರಕದ ಬಾಗಿಲು. ಅದು ಆ ಊರಿನ ಹೆಸರು, ನನ್ನ ಚಾಲನೆಯ ವರ್ಣನೆಯಲ್ಲ.

“ವಿಜಿ, ಮೊದಲ್ನೇ ಗೇರಲ್ಲೇ ಹೋಗ್ಲಿ ಅಂತ ಹೇಳು.”

“ಮೊದಲ್ನೇ ಗೇರಂತೆ.”

“ಕೇಳಿಸ್ತು.”

“ಕೇಳಿಸ್ತಂತೆ ಅಪ್ಪಾ.”

“ತಿರುವು ಬರ್ತಿದೆ. ಹಾರನ್ ಹೊಡೀಲಿ.”

ಹಾರನ್! ಆರು ವರ್ಷದಿಂದ ಕಾರು ಓಡಿಸುತ್ತಿರುವ ನಾನು ಒಮ್ಮೆಯೂ ಹಾರನ್ ಮುಟ್ಟಿರಲಿಲ್ಲ. ನಮ್ಮ ಬಾಡ್‌ಹೂವೆಡಾರ್ಪ್‌ನಲ್ಲಿ ಹಾರನ್ ಹೊಡೆಯುವುದು ಒಬ್ಬರ ವಂಶವನ್ನು ಬೈದಂತೆ. ತಡಕಾಡಿದೆ. ಮೊದಲು ವೈಪರ್ ಎದ್ದಿತು, ಆಮೇಲೆ ಗಾಜಿಗೆ ನೀರು ಹಾರಿತು, ಕೊನೆಗೆ ಹಾರನ್ ಕೂಗಿತು. ತಿರುವಿನಾಚೆಯಿಂದ ಬಂದ ಪಿಕಪ್ಪೊಂದು ನಮ್ಮ ಪಕ್ಕಕ್ಕೇ ನಿಂತಿತು. ಓಡಿಸುತ್ತಿದ್ದವನು ಗಾಜು ಇಳಿಸಿ, “ಗುಡ್ ಮಾರ್ನಿಂಗ್! ಎಲ್ಲರೂ ಚೆನ್ನಾಗಿದ್ದೀರಾ?” ಎಂದು ನಿಜವಾಗಿ ಉತ್ತರಕ್ಕೆ ಕಾದ.

ಆ ದ್ವೀಪದಲ್ಲಿ ಹಾರನ್ ಎಂದರೆ ನಮಸ್ಕಾರ. ಮಾವನವರ ಶಾಸ್ತ್ರದಲ್ಲಿ ತಿರುವಿಗೊಂದು ಹಾರನ್ ಕಡ್ಡಾಯ. ಹೀಗಾಗಿ ನಾನು ಇಡೀ ಬೆಟ್ಟಕ್ಕೆ ನಮಸ್ಕಾರ ಹೇಳುತ್ತಾ ಹೋದೆ. ಬಿಳಿ ಗೋಡೆ, ಕೆಂಪು ಮಾಡಿನ ಪುಟ್ಟ ಮನೆಗಳ ಜಗಲಿಗಳಿಂದ ಕೈಗಳು ಎದ್ದವು. ಬಟ್ಟೆ ಒಣಹಾಕುತ್ತಿದ್ದವಳು ಒದ್ದೆ ಅಂಗಿಯನ್ನೇ ಬೀಸಿದಳು. ಮುದುಕನೊಬ್ಬ ಕುರ್ಚಿಯಿಂದ ಎದ್ದು ಟೋಪಿ ತೆಗೆದ. ಚುನಾವಣೆಗೆ ನಿಂತ ಅಭ್ಯರ್ಥಿಯೂ ಇಷ್ಟು ಪ್ರೀತಿ ಕಂಡಿರಲಾರ.

ಹಿಂದಿನಿಂದ ಮೆಲ್ಲಗೆ ಕೇಳಿಸಿತು: “ವಿಜಿ, ಇವರಿಗೆಲ್ಲ ಅಳಿಯಂದ್ರು ಹೆಂಗೆ ಗೊತ್ತು?”

ಇದೆಲ್ಲ ನಗೆಯ ಮಾತಾಯಿತು. ಆದರೆ ನಡೆಯಬೇಕಾದ್ದು ನಡೆಯುತ್ತಿರಲಿಲ್ಲ. “ಅಪ್ಪಾ, ನೋಡಿ, ಸಮುದ್ರ!” ಎನ್ನುತ್ತಾಳೆ ವಿಜಯಾ. “ನೋಡ್ತೀನಿ ತಾಯಿ, ಈ ತಿರುವೊಂದು ದಾಟಲಿ” ಎನ್ನುತ್ತಾರೆ ಅವರು. ತಿರುವು ದಾಟುವಷ್ಟರಲ್ಲಿ ಸಮುದ್ರ ಹೋಗಿ ಕಲ್ಲಿನ ಗೋಡೆ ಬಂದಿರುತ್ತದೆ. “ಅಪ್ಪಾ, ಮೋಡ ರಸ್ತೆಗೇ ಇಳೀತಿದೆ!” “ನೋಡ್ತೀನಿ, ಕ್ಲಚ್ ಮೇಲಿಂದ ಕಾಲು ತೆಗೀಲಿ.” ಕನ್ನಡಿಯಲ್ಲಿ ನಾನು ಕದ್ದು ನೋಡಿದೆ. ಉಳಿದಿದ್ದ ಆ ಒಂದು ಕಣ್ಣು, ನನ್ನ ಕಿವಿಯ ಪಕ್ಕದಿಂದ ಹಾದು, ರಸ್ತೆಯ ಮೇಲೆ ಮೊಳೆ ಹೊಡೆದಂತೆ ನಿಂತಿತ್ತು. ಕೈ ನನ್ನ ಸೀಟಿನ ಬೆನ್ನನ್ನು ಹಿಡಿದಿತ್ತು.

ನಡುಬೆಟ್ಟದ ಊರಿನಲ್ಲಿ ಊಟಕ್ಕೆ ನಿಂತಾಗ, ಅವರು ಕೈ ತೊಳೆಯಲು ಹೋದ ಹೊತ್ತು ನೋಡಿ ವಿಜಯಾ ಹಲ್ಲು ಕಚ್ಚಿ ಹೇಳಿದಳು: “ಅರ್ಧ ದಿನ ಆಯ್ತು ಕಣ್ರೀ. ಅಪ್ಪ ಇನ್ನೂ ಏನೂ ನೋಡಿಲ್ಲ. ನೋಡಿರೋದು ನಿಮ್ಮ ಕತ್ತು ಮಾತ್ರ. ಅದಕ್ಕೆ ಎರಡು ವಿಮಾನ ಹತ್ತಿ ಬರಬೇಕಿತ್ತಾ?”

ಈಗಲಾದರೂ ಟ್ಯಾಕ್ಸಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಶೌರ್ಯ ಹೊಟ್ಟೆ ತುಂಬಿದ ಮೇಲೆ ಇನ್ನೂ ಹೆಚ್ಚುತ್ತದೆ. ಬೆಟ್ಟದ ನೆತ್ತಿಯ ಕಡೆ ಹೋಗುವ ಒಂದು ಕಿರಿದಾರಿಗೆ ಕಾರು ತಿರುಗಿಸಿದೆ. ಅದು ರಸ್ತೆ ಎನ್ನುವುದಕ್ಕಿಂತ ಗೋಡೆಗೆ ಒರಗಿಸಿದ ಏಣಿ ಎನ್ನಬಹುದು. ಎರಡೂ ಕಡೆ ಮರದೆತ್ತರದ ಜರೀಗಿಡ, ಆನೆಕಿವಿಯಷ್ಟು ದೊಡ್ಡ ಕೆಸುವಿನ ಎಲೆ, ಎಲೆಗಳಿಂದ ತೊಟ್ಟಿಕ್ಕುವ ಮೋಡ. ಮೋಡದೊಳಗಿಂದ, ಕನಸಿನಲ್ಲಿ ಬರುವ ಹಾಗೆ ಸದ್ದಿಲ್ಲದೆ, ಎದುರಿಗೊಂದು ಲಾರಿ ಇಳಿದು ಬಂತು.

ನಾನು ನಿಲ್ಲಿಸಿದೆ. ಲಾರಿಯೂ ನಿಂತು, ನನಗೆ ಜಾಗ ಬಿಟ್ಟು, ಬಾ ಎಂದು ದೀಪ ಮಿಣುಕಿಸಿತು. ನಾನು ಸೇತುವೆಯ ಪಾಠವನ್ನು ನೆನೆದು, ಕ್ಲಚ್ ಬಿಟ್ಟೆ. ಎಂಜಿನ್ ಕೆಮ್ಮಿ ಸತ್ತಿತು. ಕಾರು ಹಿಂದಕ್ಕೆ ಜಾರಿತು. ಕಾಲು ಎಲ್ಲಿಡಬೇಕೋ ಅಲ್ಲಿ ಇಡದೆ ಬೇರೆಲ್ಲೋ ಇಟ್ಟೆ. ಕಾರು ಇನ್ನೂ ಜಾರಿತು, ಈಗ ಸ್ವಲ್ಪ ಉತ್ಸಾಹದಿಂದ.

“ಎಳಿಯೋ ಹ್ಯಾಂಡ್ ಬ್ರೇಕು!”

ಮೂವತ್ತೊಂದು ವರ್ಷ ಘಾಟಿಯಲ್ಲಿ ಮೊಳಗಿದ ಗಂಟಲು ಅದು. ನನ್ನ ಕೈಗಳು ನನ್ನನ್ನು ಕೇಳದೆಯೇ ಎಳೆದವು, ಎರಡೂ. ಕಾರು ನಿಂತಿತು. ಲಾರಿಯವನು ಇಳಿದು ಬಂದು ಹಿಂದಿನ ಚಕ್ರಕ್ಕೊಂದು ಕಲ್ಲು ಕೊಟ್ಟು, ನಮಗೆಲ್ಲ ಶುಭ ಮಧ್ಯಾಹ್ನ ಹೇಳಿ, ನಮ್ಮನ್ನು ಸವರಿಕೊಂಡು ಇಳಿದು ಹೋದ.

ಹಿಂದಿನಿಂದ ಒಣಗಿದ ಸ್ವರ ಬಂತು: “ವಿಜಿ, ಬಾಯಿ ತಪ್ಪಿ ಹೋಯ್ತು. ಅಳಿಯಂದ್ರು ಮನಸ್ಸಿಗೆ ಹಚ್ಕೋಬಾರ್ದು ಅಂತ ಹೇಳು.”

ವಿಜಯಾ ಬಾಯಿ ತೆರೆಯುವ ಮೊದಲೇ ನಾನು ಹಿಂದಕ್ಕೆ ತಿರುಗಿದೆ. “ಮಾವ, ನೀವೇ ಓಡಿಸ್ತೀರಾ?”

ಅವರು ನನ್ನನ್ನು ನೇರವಾಗಿ ನೋಡಿದರು. “ನಾನು ಓಡಿಸಿದ್ರೆ ನೋಡೋದು ಯಾರು?”

“ಹಾಗಾದ್ರೆ ಹೇಳಿಕೊಡಿ.”

ಅವರು ಇಳಿದರು. ಪಂಚೆ ಎತ್ತಿ ಕಟ್ಟಿ, ನನ್ನ ಕಿಟಕಿಯ ಪಕ್ಕ ಮೋಡದಲ್ಲಿ ನಿಂತರು. ವಿಜಯಾ ಮೇಲಿನ ತಿರುವಿನಲ್ಲಿ ಕಾವಲು ನಿಂತಳು. ಹೆಬ್ಬಾವಿನಂತೆ ಮಲಗಿದ್ದ ಆ ಏರಿನಲ್ಲಿ ನಾನು ಹನ್ನೆರಡು ಸಲ ನಿಂತು ಹನ್ನೆರಡು ಸಲ ಹೊರಟೆ. “ಕಾಲಲ್ಲಿ ಹುಡುಕಬೇಡಿ, ಕಿವಿಯಲ್ಲಿ ಹುಡುಕಿ. ಸದ್ದು ದಪ್ಪ ಆಗುತ್ತೆ ನೋಡಿ, ಅದು ಗಾಡಿ ‘ನಾನು ಹಿಡ್ಕೊಂಡೆ, ನೀನು ಬಿಡು’ ಅಂತ ಹೇಳೋದು. ಆಗ ಬಿಡಿ ಬ್ರೇಕು.” ಐದನೆಯ ಸಲ ನನಗೆ ಆ ಸದ್ದು ಕೇಳಿಸಿತು. ಹನ್ನೆರಡನೆಯ ಸಲ ಅವರು, ದಾರಿಯ ಬದಿಗೆ ಮೇಯಲು ಬಂದಿದ್ದ ಮೇಕೆಗಳ ಕಡೆ ತಿರುಗಿ ನಿಂತಿದ್ದರು. ಎಂಜಿನ್ ಸದ್ದಿಗೆ ತಲೆ ಆಡಿಸಿದ್ದು ಬೆನ್ನಿನಿಂದಲೇ ಕಂಡಿತು.

“ಇಳಿಯೋವಾಗ ಬ್ರೇಕಿಗೆ ಜೋತು ಬೀಳಬೇಡಿ. ಗೇರಿಗೆ ಕೆಲಸ ಕೊಡಿ. ಮೂರು ಮಾರು ಮುಂದೆ ನೋಡಿ, ಅಷ್ಟೇ ನಿಮ್ಮ ಜವಾಬ್ದಾರಿ” ಎಂದು ಹೇಳಿ ಒಳಗೆ ಕೂತರು.

ಬೆಟ್ಟ ಇಳಿದೆವು. ದ್ವೀಪದ ಆ ಕಡೆಗೆ, ರಾಜಧಾನಿಯನ್ನು ಹಾದು, ಕೆಳಗಿನ ಬಂದರಿನವರೆಗೆ. ರಾಜಧಾನಿಯ ಹೆಸರು ‘ತಳ’ ಎಂದು. ಬೆಟ್ಟದ ಮಧ್ಯದಲ್ಲಿರುವ ಊರಿಗೆ ಆ ಹೆಸರಿಟ್ಟವರ ವಿನಯ ದೊಡ್ಡದು. ಮೊದಲ ತಿರುವಿನಲ್ಲಿ, “ಎರಡನೇ ಗೇರು” ಎಂದರು. ಎರಡನೆಯದರಲ್ಲಿ ಬರೀ “ಹ್ಞಾಂ” ಎಂದರು. ಮೂರನೆಯ ತಿರುವಿಗೆ ಏನೂ ಬರಲಿಲ್ಲ. ನಾನು ಹಾರನ್ ಹೊಡೆದು ಕಾದೆ. ನಾಲ್ಕನೆಯದಕ್ಕೂ ಏನೂ ಇಲ್ಲ. ನಿದ್ದೆ ಬಂತೇ? ಮೈ ಸರಿಯಿಲ್ಲವೇ? ಕನ್ನಡಿ ನೋಡುವ ಧೈರ್ಯ ನನಗಿರಲಿಲ್ಲ, ನನ್ನ ಜವಾಬ್ದಾರಿ ಮೂರು ಮಾರು ಮುಂದಿತ್ತು. ಸೀಟಿನ ಬೆನ್ನಿನ ಮೇಲೆ ಆ ಕೈಯ ಭಾರ ಇಲ್ಲವೆಂಬುದು ಮಾತ್ರ ಗೊತ್ತಾಯಿತು.

“ವಿಜಿ,” ಎಂದೆ ಪಿಸುಮಾತಿನಲ್ಲಿ, “ಮಾವನವರು ಏನು ಮಾಡ್ತಿದಾರೆ?”

ಅವಳು ಹಿಂದೆ ತಿರುಗಿ ನೋಡಿದಳು. ಆಮೇಲೆ ತೀರಾ ಮೆಲ್ಲಗೆ, “ಗಾಜಿಗೆ ಹಣೆ ಒತ್ತಿಕೊಂಡು ಕೂತಿದಾರೆ. ಬಾಯಿ ತೆರೆದಿದೆ. ಮಾತಾಡಬೇಡಿ, ಓಡಿಸಿ” ಎಂದಳು.

ಓಡಿಸಿದೆ. ನನ್ನ ಜೀವಮಾನದಲ್ಲಿ ನಾನು ಅಷ್ಟು ಚೆನ್ನಾಗಿ ಯಾವ ಕೆಲಸವನ್ನೂ ಮಾಡಿಲ್ಲ. ಗಾಡಿ ಉರುಳುತ್ತಿದೆಯೋ ತೇಲುತ್ತಿದೆಯೋ ಎಂಬಂತೆ, ಒಳಗೆ ತುಂಬಿದ ತಂಬಿಗೆ ಇಟ್ಟಿದ್ದರೂ ತುಳುಕದಂತೆ ಇಳಿಸಿದೆ. ಬಲಗಡೆ ಏನೋ ದೊಡ್ಡದೊಂದು ಬೆಳಕು ನಮ್ಮ ಜೊತೆಗೇ ಬರುತ್ತಿತ್ತು. ನಾನು ಆ ಕಡೆ ನೋಡಲಿಲ್ಲ.

ಬಂದರಿನಲ್ಲಿ ಕಲ್ಲುಕಟ್ಟೆಯ ಪಕ್ಕ ಕಾರು ನಿಲ್ಲಿಸಿದಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ವಿಜಯಾ ಎಳನೀರು ಸಿಗುತ್ತದೇನೋ ನೋಡುತ್ತೇನೆಂದು ದೋಣಿಗಳ ಕಡೆ ಹೋದಳು. ಮಾವನವರು ಕಟ್ಟೆಯ ಮೇಲೆ ಕಡಲಿಗೆ ಬೆನ್ನು ಹಾಕಿ, ನಾವು ಇಳಿದು ಬಂದ ಬೆಟ್ಟದ ಕಡೆ ಮುಖ ಮಾಡಿ ಕೂತಿದ್ದರು. ನಡುವೆ ಅಂಚೆಯವಳಿಲ್ಲದ ಅಂಥ ಹೊತ್ತಿನಲ್ಲಿ ನಾವಿಬ್ಬರೂ ಸಾಮಾನ್ಯವಾಗಿ ಬೇರೆ ಬೇರೆ ದಿಕ್ಕು ನೋಡುತ್ತೇವೆ. ನಾನು ನನ್ನ ದಿಕ್ಕು ಹುಡುಕುತ್ತಿದ್ದೆ.

“ಆ ಸುಣ್ಣ ಬಳಿದ ಬಂಡೆ ಹತ್ರ,” ಎಂದರು ಅವರು, “ಮೋಡ ಸೀಳಿ ಬಿಸಿಲು ಕೋಲಾಗಿ ಸಮುದ್ರಕ್ಕೆ ಇಳೀತಲ್ಲ, ನೋಡಿದ್ರಾ?”

“ಇಲ್ಲ ಮಾವ.”

“ಬಿಳೀ ಹಕ್ಕಿಗಳು? ಬಾಲ ಇಷ್ಟುದ್ದ. ನಮಗಿಂತ ಕೆಳಗೆ ಹಾರ್ತಿದ್ವು. ಹಕ್ಕಿ ಬೆನ್ನು ನಾನು ಇವತ್ತೇ ನೋಡಿದ್ದು.”

“ಇಲ್ಲ. ರಸ್ತೆ ನೋಡ್ತಿದ್ದೆ.”

ಅವರು ತಲೆ ಆಡಿಸಿದರು. ಡಿಪೋದಲ್ಲಿ ಹಳೆಯ ಡ್ರೈವರು ಹೊಸಬನ ಹಾಜರಿಗೆ ಸಹಿ ಹಾಕುವಾಗ ಹೀಗೆಯೇ ತಲೆ ಆಡಿಸುತ್ತಿರಬೇಕು. ನಾನು ಸಾಬಾ ದ್ವೀಪಕ್ಕೆ ಹೋಗಿ ಬಂದವನು. ಕೇಳಿದವರಿಗೆಲ್ಲ ಕಡಲು, ಮರದೆತ್ತರದ ಜರೀಗಿಡ, ಮೋಡ ಎಂದು ವರ್ಣಿಸುತ್ತೇನೆ, ನಿಮಗೂ ವರ್ಣಿಸಿದೆ. ನಿಜ ಹೇಳಬೇಕೆಂದರೆ ನಾನು ಕಂಡದ್ದು ಮೂರು ಮಾರು ಉದ್ದದ ಬೂದು ಕಾಂಕ್ರೀಟು. ಉಳಿದದ್ದಕ್ಕೆಲ್ಲ ಸಾಕ್ಷಿ ಒಂದೇ ಕಣ್ಣು, ಅದು ನನ್ನದಲ್ಲ.

ಮಾವನವರು ಟವೆಲ್ಲಿನಿಂದ ಕಟ್ಟೆಯ ಧೂಳು ಹೊಡೆದು, ಸ್ವಲ್ಪ ಸರಿದು ಜಾಗ ಮಾಡಿದರು.

“ಕೂತ್ಕೊಳ್ಳಿ,” ಎಂದರು. “ಮೇಲಿಂದ ಶುರು ಮಾಡ್ತೀನಿ. ಒಂದೊಂದೇ ತಿರುವು ಹೇಳ್ತೀನಿ.”